ಸಲ್ಲೇಖನದಲ್ಲಿ ಅನುಮತಿ: ಯಾರದು, ಎಲ್ಲಿಯವರೆಗೆ?

ಜಪಮಾಲೆಯಲ್ಲಿ 108 ಮಣಿಗಳಿರುವುದಕ್ಕೆ ಜೈನ ಪರಂಪರೆಯಲ್ಲಿ ಹೇಳುವ ಕಾರಣಗಳಲ್ಲಿ ಒಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯಕ್ಕೆ ಸಂಬಂಧಿಸಿದ್ದು. ಜೀವನು ಮಾಡುವ ಯಾವುದೇ ಕೃತ್ಯವು ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳಲ್ಲಿ, ಮನ, ವಚನ, ಕಾಯ ಎಂಬ ಮೂರು ಯೋಗಗಳ ಮೂಲಕ, ಕೃತ, ಕಾರಿತ, ಅನುಮತ ಎಂಬ ಮೂರು ವಿಧಗಳಲ್ಲಿ, ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳ ಪ್ರೇರಣೆಯಿಂದ ನಡೆಯುತ್ತದೆ. ಇವನ್ನು ಗುಣಿಸಿದರೆ 108 ಆಗುತ್ತದೆ. ಪ್ರತಿನಿತ್ಯ ಜಪ ಮಾಡುವ ಶ್ರಾವಕನ ಬೆರಳಿನಡಿ ಈ ಲೆಕ್ಕವೇ ಉರುಳುತ್ತಿರುತ್ತದೆ.

ಈ ಲೆಕ್ಕದಲ್ಲಿ ವಿಶೇಷವಾಗಿ ಗಮನಿಸಬೇಕಾದುದು 'ಅನುಮತ' ಎಂಬ ಪದ. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಇನ್ನೊಬ್ಬರು ಮಾಡಿದ್ದಕ್ಕೆ ಸಮ್ಮತಿಸಿದ್ದು ಅನುಮತ. ಲೋಕವ್ಯವಹಾರದಲ್ಲಿ ಒಪ್ಪಿಗೆ ಎಂದರೆ ಒಂದು ಸಹಿ ಮಾತ್ರ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಒಂದು ಹಾಳೆಯ ಮೇಲೆ ಹಾಕುವ ಸಹಿಯು ವೈದ್ಯನ ಹೊಣೆಯನ್ನು ಕಡಿಮೆ ಮಾಡುವ ಸಾಧನವೆಂದೇ ಜನರು ತಿಳಿದಿರುತ್ತಾರೆ. ಜೈನಾಚಾರ್ಯರ ದೃಷ್ಟಿಯಲ್ಲಿ ಸಮ್ಮತಿಯೂ ಒಂದು ಕ್ರಿಯೆ. ಅದು ಕರ್ಮಬಂಧಕ್ಕೆ ಕಾರಣವಾಗುತ್ತದೆ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಹತ್ತನೆಯದಕ್ಕೆ ಅನುಮತಿತ್ಯಾಗ ಪ್ರತಿಮೆ ಎಂದು ಹೆಸರಿಟ್ಟಿರುವುದೇ ಇದಕ್ಕೆ ಸಾಕ್ಷಿ. ಆ ನೆಲೆಗೆ ಏರಿದವನು ಮಗನು ಕೇಳಿದರೂ ಅಂಗಡಿಯ ವಿಷಯದಲ್ಲಾಗಲಿ, ಮದುವೆಯ ವಿಷಯದಲ್ಲಾಗಲಿ ಹೌದು ಎನ್ನುವುದಿಲ್ಲ. ತಲೆಯಾಡಿಸುವುದನ್ನೂ ಒಂದು ಆರಂಭವೆಂದು ಎಣಿಸಿದ ಧರ್ಮವು ಅನುಮತಿಯ ಬಗ್ಗೆ ಎಷ್ಟು ಸೂಕ್ಷ್ಮವಾಗಿ ಯೋಚಿಸಿರಬೇಕು!

ಈ ಸೂಕ್ಷ್ಮತೆಯು ಅತ್ಯಂತ ಕಠಿಣವಾಗಿ ಪರೀಕ್ಷೆಗೆ ಒಳಗಾಗುವುದು ಸಲ್ಲೇಖನದ ಸಂದರ್ಭದಲ್ಲಿ. ದೇಹವನ್ನು ಬಿಡುವ ನಿರ್ಧಾರ ಯಾರದು? ಅದಕ್ಕೆ ಯಾರು ಒಪ್ಪಿಗೆ ಕೊಡಬಲ್ಲರು? ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೇ? ಈ ಮೂರು ಪ್ರಶ್ನೆಗಳನ್ನು ಬಸದಿಯ ಆಡಳಿತ ನಡೆಸುವವರೂ ವೃದ್ಧರಿರುವ ಮನೆಯವರೂ ನೆಮ್ಮದಿಯಾಗಿ ಕುಳಿತು ಯೋಚಿಸುವುದು ಉಚಿತ.

ನ್ಯಾಯಾಲಯದ ಮೆಟ್ಟಿಲಲ್ಲಿ

2006ರಲ್ಲಿ ಸಲ್ಲಿಸಲಾದ ಒಂದು ಅರ್ಜಿಯ ಮೇಲೆ ರಾಜಸ್ಥಾನ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ತೀರ್ಪು ನೀಡಿ, ಸಂಥಾರಾ ಅಥವಾ ಸಲ್ಲೇಖನವನ್ನು ಆತ್ಮಹತ್ಯೆಯ ಪ್ರಯತ್ನವೆಂದೂ ಅದಕ್ಕೆ ನೆರವಾಗುವುದನ್ನು ಆತ್ಮಹತ್ಯೆಗೆ ಪ್ರಚೋದನೆಯೆಂದೂ ಪರಿಗಣಿಸಬೇಕೆಂದು ಹೇಳಿತು. ಆಗಸ್ಟ್ 24ರಂದು ದೇಶದ ಅನೇಕ ನಗರಗಳಲ್ಲಿ ಜೈನರು ಅಂಗಡಿಗಳನ್ನು ಮುಚ್ಚಿ ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಸಮಾಜವು ನಿಟ್ಟುಸಿರು ಬಿಟ್ಟಿತು.

ಆನಂತರ ಕಾನೂನಿನಲ್ಲಿ ಆದ ಒಂದು ಬದಲಾವಣೆಯನ್ನು ಹೆಚ್ಚು ಜನ ಗಮನಿಸಿದಂತೆ ಕಾಣುವುದಿಲ್ಲ. 2024ರ ಜುಲೈ 1ರಂದು ಹಳೆಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. ಹಳೆಯ 309ನೆಯ ಕಲಮಿನಂತೆ ಆತ್ಮಹತ್ಯೆಗೆ ಯತ್ನಿಸಿದ ಪ್ರತಿಯೊಬ್ಬನನ್ನೂ ಶಿಕ್ಷಿಸುವ ಕಲಮು ಹೊಸ ಸಂಹಿತೆಯಲ್ಲಿಲ್ಲ. ಸರ್ಕಾರಿ ಸೇವಕನ ಮೇಲೆ ಒತ್ತಡ ತರಲು ಹಾಗೆ ಮಾಡಿದರೆ ಮಾತ್ರ ಅಪರಾಧ. ಆದರೆ ಪ್ರಚೋದಿಸುವವನಿಗೆ ಶಿಕ್ಷೆ ಮುಂದುವರಿದಿದೆ. ಪ್ರಚೋದನೆಗೆ ಒಳಗಾದವರು ಬಾಲಕರೋ ಬುದ್ಧಿ ಸ್ಥಿಮಿತವಿಲ್ಲದವರೋ ಆಗಿದ್ದರೆ ಶಿಕ್ಷೆ ಇನ್ನೂ ಘೋರ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ, ರಾಜ್ಯದ ದೃಷ್ಟಿಯು 'ಕೃತ'ದಿಂದ ಸರಿದು 'ಕಾರಿತ'ದ ಮೇಲೆ ನಿಂತಿದೆ. ಸಲ್ಲೇಖನವು ಆತ್ಮಹತ್ಯೆಯಲ್ಲ ಎಂಬ ನಿಲುವು ಶಾಸ್ತ್ರಸಮ್ಮತವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ನಿಲುವು ಉಳಿಯಬೇಕಾದರೆ ಕ್ಷಪಕನ ಸುತ್ತ ನಿಂತವರ ನಡತೆಯು ನಿರ್ಮಲವಾಗಿರಬೇಕು. ಮೆರವಣಿಗೆಯಿಂದ ಸಾಧಿಸಲಾಗದ ಕಾರ್ಯ ಅದು.

ಪರಭಾರೆಯಾಗದ ಹಕ್ಕು

ಆಧುನಿಕ ರಾಜ್ಯಶಾಸ್ತ್ರದಲ್ಲಿ ಜೀವಿಸುವ ಹಕ್ಕನ್ನು ಕಸಿಯಲಾಗದ, ಬಿಟ್ಟುಕೊಡಲಾಗದ ಹಕ್ಕು ಎಂದು ಕರೆಯುತ್ತಾರೆ. ಬಸದಿಯ ಟ್ರಸ್ಟಿಗಳಿಗೆ ಈ ಕಲ್ಪನೆಯು ಅಪರಿಚಿತವಾದುದಲ್ಲ. ದಾನಿಯೊಬ್ಬನು ನಂದಾದೀಪಕ್ಕೆಂದು ಬಿಟ್ಟ ಹೊಲವನ್ನು ಉಳಬಹುದು, ಅದರ ಫಲವನ್ನು ದೇವರ ಸೇವೆಗೆ ಬಳಸಬಹುದು, ಆದರೆ ಟ್ರಸ್ಟಿಯು ಅದನ್ನು ತನ್ನ ಇಷ್ಟದಂತೆ ಪರಭಾರೆ ಮಾಡುವಂತಿಲ್ಲ. ಪ್ರಾಣವೂ ಹಾಗೆಯೇ. ಅದನ್ನು ತಪಸ್ಸಿನಲ್ಲಿ ವ್ಯಯಿಸಬಹುದು, ಸೇವೆಯಲ್ಲಿ ಸವೆಸಬಹುದು. ಇನ್ನೊಬ್ಬನ ಹೆಸರಿಗೆ ಖರೀದಿಪತ್ರ ಬರೆದುಕೊಡಲು ಬಾರದು.

ವರ್ತಕರಿಗೆ ಹತ್ತಿರವಾದ ಒಂದು ಉದಾಹರಣೆಯುಂಟು. ಬಶೇಶರ್ ನಾಥ್ ಎಂಬ ತೆರಿಗೆದಾರರು ಆದಾಯ ತೆರಿಗೆ ತನಿಖಾ ಆಯೋಗದೊಂದಿಗೆ ರಾಜಿ ಮಾಡಿಕೊಂಡು ಕಂತುಗಳಲ್ಲಿ ಹಣ ಕಟ್ಟಲು ಒಪ್ಪಿದ್ದರು. ಆ ಕ್ರಮವೇ ಸಂವಿಧಾನದ 14ನೆಯ ಅನುಚ್ಛೇದಕ್ಕೆ ವಿರುದ್ಧವೆಂದು ಆಮೇಲೆ ತಕರಾರು ತೆಗೆದಾಗ, ರಾಜಿಗೆ ಒಪ್ಪಿದವರು ಹಕ್ಕನ್ನು ಬಿಟ್ಟುಕೊಟ್ಟಂತೆಯೇ ಎಂದು ಸರ್ಕಾರ ವಾದಿಸಿತು. 1958ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ಆ ವಾದವನ್ನು ತಳ್ಳಿಹಾಕಿತು: ಆ ಅನುಚ್ಛೇದದ ರಕ್ಷಣೆಯನ್ನು ಪ್ರಜೆಯು ತಾನೇ ಬಿಟ್ಟುಕೊಡುತ್ತೇನೆಂದರೂ ಬಿಡಲಾಗದು. ಹಣದ ರಾಜಿಯಲ್ಲಿಯೇ ಹೀಗಾದರೆ ಪ್ರಾಣದ ವಿಷಯದಲ್ಲಿ ಎಷ್ಟು ಎಚ್ಚರ ಬೇಕು!

1996ರಲ್ಲಿ ಜ್ಞಾನ್ ಕೌರ್ ಪ್ರಕರಣದ ಪಂಚ ನ್ಯಾಯಾಧೀಶರ ಪೀಠವು ಜೀವಿಸುವ ಹಕ್ಕಿನಲ್ಲಿ ಸಾಯುವ ಹಕ್ಕು ಅಡಗಿಲ್ಲವೆಂದು ಹೇಳಿತು. ಸಹಜ ಮರಣದವರೆಗೆ ಘನತೆಯಿಂದ ಬಾಳುವುದು ಮಾತ್ರ ಆ ಹಕ್ಕಿನೊಳಗೇ ಸೇರಿದೆಯೆಂದೂ ಒಪ್ಪಿತು. 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ತನ್ನ ದೇಹದ ಬಗ್ಗೆ ತಾನೇ ನಿರ್ಧರಿಸುವ ಸ್ವಾತಂತ್ರ್ಯವು ಆ ತೀರ್ಪಿನ ಒಂದು ಮುಖ್ಯ ಅಂಶ. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ, ಗುಣವಾಗದ ರೋಗಿಯು ಕೃತಕ ಚಿಕಿತ್ಸೆಯನ್ನು ನಿರಾಕರಿಸುವ ಇಚ್ಛಾಪತ್ರವನ್ನು ಮೊದಲೇ ಬರೆದಿಡಬಹುದೆಂದು ತೀರ್ಮಾನವಾಯಿತು. ಆ ಪತ್ರವನ್ನು ಬರೆದವನು ಬುದ್ಧಿ ಸ್ಥಿಮಿತದಲ್ಲಿರುವವರೆಗೂ ಬದಲಿಸಬಹುದು, ರದ್ದುಪಡಿಸಬಹುದು ಎಂಬುದು ಅದರ ಜೀವಾಳ.

ಜೈನ ಸಿದ್ಧಾಂತವು ಇದೇ ತೀರಕ್ಕೆ ಬೇರೆ ಹಾದಿಯಿಂದ ಬರುತ್ತದೆ. ದೇಹವು ನನ್ನದು ಎಂಬ ಮಮಕಾರವನ್ನು ಅದು ಒಪ್ಪುವುದಿಲ್ಲ. ದೇಹವು ಪುದ್ಗಲ, ಪರದ್ರವ್ಯ. ದೇಹವು ಜೀವನ ಆಸ್ತಿಯಲ್ಲದಿದ್ದರೆ ಅದು ಮಗನ ಆಸ್ತಿಯೂ ಅಲ್ಲ, ಸಂಘದ ಆಸ್ತಿಯೂ ಅಲ್ಲ. ಪ್ರತಿಯೊಂದು ಜೀವವೂ ಸ್ವತಂತ್ರ ದ್ರವ್ಯ. ತಾನು ಕಟ್ಟಿಕೊಂಡ ಕರ್ಮವನ್ನು ತಾನೇ ಬಿಚ್ಚಬೇಕು. ಒಬ್ಬನ ನಿರ್ಜರೆಯನ್ನು ಇನ್ನೊಬ್ಬನು ಮಾಡಿಕೊಡಲಾರನಾದ್ದರಿಂದ ಒಬ್ಬನ ತ್ಯಾಗಕ್ಕೆ ಇನ್ನೊಬ್ಬನು ಒಪ್ಪಿಗೆ ಕೊಡಲೂ ಆರನು. ಹಕ್ಕಿನ ಭಾಷೆಯಲ್ಲಿ ಪರಭಾರೆಯಾಗದು ಎಂದದ್ದನ್ನೇ ದ್ರವ್ಯದ ಭಾಷೆಯಲ್ಲಿ ಆಚಾರ್ಯರು ಹೇಳಿದರು.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ಉಪಮೆಯು ವ್ಯಾಪಾರಿಗಳ ಮನೆಮಾತಾಗಬೇಕಾದದ್ದು. ಬಗೆಬಗೆಯ ಸರಕನ್ನು ಕೂಡಿಟ್ಟ ವರ್ತಕನಿಗೆ ತನ್ನ ಉಗ್ರಾಣವು ನಾಶವಾಗುವುದು ಇಷ್ಟವಿಲ್ಲ. ನಾಶದ ಕಾರಣ ಒದಗಿದರೆ ಶಕ್ತಿಯಿದ್ದಷ್ಟು ಅದನ್ನು ನಿವಾರಿಸಲು ಯತ್ನಿಸುತ್ತಾನೆ. ನಿವಾರಿಸಲು ಸಾಧ್ಯವೇ ಇಲ್ಲವೆಂದಾದಾಗ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ದೇಹವು ಉಗ್ರಾಣ, ವ್ರತಶೀಲಗಳೇ ಸರಕು. ಪ್ರವಚನಗಳಲ್ಲಿ ಈ ಉಪಮೆಯ ಕೊನೆಯ ಭಾಗಕ್ಕೆ ಮಾತ್ರ ಒತ್ತು ಬೀಳುವುದುಂಟು. ಬೆಂಕಿಯನ್ನು ಆರಿಸುವುದು ವರ್ತಕನ ಮೊದಲ ಕರ್ತವ್ಯವೆಂಬುದೂ, ಉಗ್ರಾಣವನ್ನು ಕೈಬಿಡುವ ಘಳಿಗೆಯನ್ನು ನಿರ್ಧರಿಸಬೇಕಾದವನು ಸರಕಿನ ಒಡೆಯನೇ ಹೊರತು ನೆರೆಯವನಲ್ಲವೆಂಬುದೂ ಅದೇ ಉಪಮೆಯೊಳಗೆ ಇವೆ.

ಶಾಸ್ತ್ರವು ಕಟ್ಟಿದ ಬೇಲಿ

ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ನಾಲ್ಕು ಸಂದರ್ಭಗಳನ್ನು ಹೇಳಿದ್ದಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಅವೂ ಪ್ರತೀಕಾರವಿಲ್ಲದಂತಹವು ಆಗಿರಬೇಕು. ಆಮೇಲಿನ ಕ್ರಮವೂ ಅವಸರದ್ದಲ್ಲ. ಮೊದಲು ಸ್ನೇಹ, ವೈರ, ಪರಿಗ್ರಹಗಳನ್ನು ಬಿಟ್ಟು, ಎಲ್ಲರನ್ನೂ ಕ್ಷಮಿಸಿ, ಎಲ್ಲರಿಂದಲೂ ಕ್ಷಮೆ ಕೇಳಬೇಕು. ಅನಂತರ ಅನ್ನಾಹಾರವನ್ನು ಕ್ರಮವಾಗಿ ಇಳಿಸಿ ಹಾಲು ಮೊದಲಾದ ಪಾನಗಳಿಗೆ, ಅಲ್ಲಿಂದ ಗಂಜಿ, ಬಿಸಿನೀರುಗಳಿಗೆ, ಕೊನೆಗೆ ಶಕ್ತ್ಯನುಸಾರ ಉಪವಾಸಕ್ಕೆ ಬರಬೇಕು. ಒಂದೊಂದು ಮೆಟ್ಟಿಲಲ್ಲಿಯೂ ನಿಂತು ಮನಸ್ಸನ್ನು ಪರೀಕ್ಷಿಸಿಕೊಳ್ಳಲು ಅವಕಾಶವಿದೆ. ಒಂದೇ ಬಾರಿ ಕೊಟ್ಟು ಮುಗಿಸುವ ಒಪ್ಪಿಗೆಯಾಗಿದ್ದರೆ ಇಷ್ಟು ಮೆಟ್ಟಿಲುಗಳ ಅಗತ್ಯವಿರಲಿಲ್ಲ.

ಭಗವತೀ ಆರಾಧನೆಯಲ್ಲಿ ಈ ಬೇಲಿಯು ಇನ್ನೂ ದಟ್ಟವಾಗಿದೆ. ಕ್ಷಪಕನನ್ನು ಸ್ವೀಕರಿಸುವ ಮುನ್ನ ಆಚಾರ್ಯನು ಸಂಘವನ್ನು ಕೇಳಬೇಕು. ಆಹಾರತ್ಯಾಗದ ಮೊದಲು ಬಗೆಬಗೆಯ ಭಕ್ಷ್ಯಗಳನ್ನು ಕ್ಷಪಕನ ಮುಂದಿಟ್ಟು ಅವನ ಮನಸ್ಸು ಅವುಗಳ ಕಡೆಗೆ ಹರಿಯುವುದೋ ಎಂದು ನೋಡಬೇಕು. ಶುಶ್ರೂಷೆಗೆ 48 ಮಂದಿ ನಿರ್ಯಾಪಕರು ಇರುವುದು ಉತ್ತಮ. ಕಾಲಸ್ಥಿತಿಗೆ ತಕ್ಕಂತೆ ಕಡಿಮೆಯಾದರೂ ಇಬ್ಬರಿಗಿಂತ ಕಡಿಮೆಯಿರಬಾರದು. ತತ್ತ್ವಾರ್ಥಸೂತ್ರವು ಸಲ್ಲೇಖನದ ಐದು ಅತಿಚಾರಗಳನ್ನು ಎಣಿಸುವಾಗ ಬದುಕುವ ಆಸೆಯ ಜೊತೆಯಲ್ಲಿಯೇ ಬೇಗ ಸಾಯುವ ಆಸೆಯನ್ನೂ ದೋಷವೆಂದು ಇಟ್ಟಿದೆ. ಸಾವನ್ನು ಬಯಸಿ ಬಂದವನು ಈ ವ್ರತಕ್ಕೆ ಅರ್ಹನಲ್ಲ.

ಇದಕ್ಕೆ ಸಮಂತಭದ್ರರ ಚರಿತ್ರೆಯೇ ನಿದರ್ಶನ. ದೇವಚಂದ್ರನ ರಾಜಾವಳಿ ಕಥೆಯಲ್ಲಿ ಬರುವಂತೆ ಅವರಿಗೆ ಭಸ್ಮಕವ್ಯಾಧಿ ತಗುಲಿತು. ಉಂಡದ್ದೆಲ್ಲ ಬೂದಿಯಾಗುವ ಹಸಿವು. ಮುನಿಚರ್ಯೆಯನ್ನು ಪಾಲಿಸಲಾರದೆ ಅವರು ಗುರುವಿನ ಬಳಿ ಸಲ್ಲೇಖನವನ್ನು ಬೇಡಿದರು. ಗುರುವು ಕೊಡಲಿಲ್ಲ. ಆಯುಸ್ಸು ಇನ್ನೂ ಇದೆ, ವ್ಯಾಧಿಯನ್ನು ಕಳೆದುಕೊಂಡು ಮರಳಿ ದೀಕ್ಷೆ ಪಡೆಯಬಹುದು ಎಂದು ವೇಷವನ್ನು ಕೂಡ ಬಿಡಲು ಅಪ್ಪಣೆಯಿತ್ತರು. ಸಲ್ಲೇಖನದ ಲಕ್ಷಣವನ್ನು ಶ್ರಾವಕರಿಗೆ ಬೋಧಿಸಿದ ಆಚಾರ್ಯರಿಗೇ ಒಮ್ಮೆ ಸಲ್ಲೇಖನವು ನಿರಾಕರಿಸಲ್ಪಟ್ಟಿತೆಂದು ಪರಂಪರೆಯು ನೆನಪಿಟ್ಟುಕೊಂಡಿದೆ. ಬೇಡಿದವನ ಇಚ್ಛೆಯೊಂದೇ ಸಾಲದು. ಆ ಇಚ್ಛೆಯು ವೈರಾಗ್ಯದಿಂದ ಬಂದಿತೋ ಬೇಸರದಿಂದ ಬಂದಿತೋ ಎಂದು ತೂಗುವ ಗುರು ಬೇಕು.

ಶ್ರವಣಬೆಳಗೊಳದ ಶಾಸನಗಳು ಈ ಸಾಕ್ಷಿವ್ಯವಸ್ಥೆಯನ್ನು ತೋರುತ್ತವೆ. 1131ರಲ್ಲಿ ರಾಣಿ ಶಾಂತಲೆಯು ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಒಂದು ತಿಂಗಳ ಸಂನ್ಯಸನದಿಂದ ಮುಡಿಪಿದಳೆಂದು ಶಾಸನವಿದೆ. ಮಗಳನ್ನು ಕಳೆದುಕೊಂಡ ತಾಯಿಯ ನಿರ್ಧಾರದಲ್ಲಿ ಶೋಕದ ಪಾಲೆಷ್ಟು, ವೈರಾಗ್ಯದ ಪಾಲೆಷ್ಟು ಎಂದು ಇಂದಿನವರು ಅಳೆಯಲಾರರು. ಆದರೆ ಆಕೆಯ ಸಮಾಧಿಗೆ ಸಂಬಂಧಿಸಿದ ಗುರುಗಳ ಹೆಸರುಗಳನ್ನು ಕಲ್ಲಿನ ಮೇಲೆ ಕೊರೆದಿಟ್ಟಿರುವುದು ಗಮನಾರ್ಹ. ಹೊಣೆ ಹೊತ್ತವರು ಹೆಸರು ಹೇಳಿ ನಿಂತಿದ್ದರು.

ಒಂದು ಮನೆಯಲ್ಲಿ ನಡೆದದ್ದು

ಕೃಷ್ಣಾತೀರದ ಒಂದು ಊರು. ಬೆಲ್ಲದ ಅಡತಿ ನಡೆಸುವ ಕೂಡುಕುಟುಂಬ. ಮನೆಯ ಹಿರಿಯ ತಾಯಿಗೆ ಎಂಬತ್ತನಾಲ್ಕು ವಯಸ್ಸು; ಮೂತ್ರಪಿಂಡಗಳು ಸೋತಿದ್ದವು. ಡಯಾಲಿಸಿಸ್ ಬೇಡವೆಂದು ಆಕೆ ಮೊದಲೇ ಹೇಳಿದ್ದಳು, ವೈದ್ಯರು ಅದನ್ನು ಗೌರವಿಸಿದ್ದರು. ಒಂದು ದಿನ ಆಕೆ ಸಲ್ಲೇಖನ ಬೇಕೆಂದಳು. ಹಿರಿಯ ಮಗನಿಗೆ ಆನಂದವೋ ಆನಂದ. ಸಂಘವು ಬಂದು ಸೇರುವುದರೊಳಗೆ ಕರಪತ್ರ ಅಚ್ಚಾಯಿತು, ಬೀದಿಯ ತುದಿಯಲ್ಲಿ ತಾಯಿಯ ಭಾವಚಿತ್ರವಿರುವ ಫ್ಲೆಕ್ಸ್ ಏರಿತು, ಮನೆಯ ಮುಂದೆ ಮಂಟಪ ಎದ್ದಿತು. ನೆಂಟರು ಬಂದು ಪಾದ ಮುಟ್ಟಿ ಹೋಗತೊಡಗಿದರು.

ಸಂಘದ ಹಿರಿಯ ಆರ್ಯಿಕಾ ಮಾತಾಜಿಯವರು ಬಂದವರೇ ಎಲ್ಲರನ್ನೂ ಹೊರಗೆ ಕಳುಹಿಸಿ ಬಾಗಿಲು ಮುಂದೆ ಮಾಡಿಕೊಂಡರು. ಯಾಕೆ ಬೇಕು ತಾಯಿ, ಎಂದು ಕೇಳಿದರು. ಮುದುಕಿ ಶಾಸ್ತ್ರದ ಮಾತನ್ನೇ ಹೇಳಿದಳು, ಆತ್ಮಕಲ್ಯಾಣಕ್ಕೆಂದು. ಮಾತಾಜಿಯವರು ಸುಮ್ಮನೆ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ಆಕೆ ತಾನಾಗಿ ಅಂದಳು:

"ಔಷಧಕ್ಕ ಭಾಳ ರೊಕ್ಕ ಹೋಗ್ತದ್ರಿ ಮಾತಾಜಿ. ಸಣ್ಣ ಮಗಾ ಸಾಲಾ ಮಾಡ್ಯಾನ, ನನಗ ಹೇಳಿಲ್ಲ, ಆದ್ರ ಗೊತ್ತೈತಿ. ನಾ ಹೋದ್ರ ಎಲ್ಲಾರಿಗೂ ಹಗುರಾಗ್ತದ. ಈಗ ಮಂಟಪಾನೂ ಹಾಕ್ಯಾರ. ಬ್ಯಾಡ ಅಂದ್ರ ಮನಿ ಮರ್ಯಾದಿ ಏನಾಗ್ಬೇಕ್ರಿ?"

ಮಾತಾಜಿಯವರು ಹೊರಗೆ ಬಂದು ಮಂಟಪವನ್ನು ಬಿಚ್ಚಿಸಲು ಹೇಳಿದರು. ವ್ರತವನ್ನು ಕೊಡಲಿಲ್ಲ. ರಾತ್ರಿಭೋಜನತ್ಯಾಗ, ಪ್ರತಿದಿನ ಎರಡು ವಸ್ತುಗಳ ತ್ಯಾಗ, ಇಂತಹ ಕಾಲಮಿತಿಯ ನಿಯಮಗಳನ್ನು ಮಾತ್ರ ಕೊಟ್ಟರು. ಹಿರಿಯ ಮಗನು ಕರಪತ್ರ ಊರೆಲ್ಲ ಹಂಚಿಯಾಗಿದೆಯೆಂದು ಕೈಮುಗಿದು ಬೇಡಿಕೊಂಡನು. ಕರಪತ್ರದ ಮರ್ಯಾದೆಗೆ ತಾಯಿಯ ಪ್ರಾಣವನ್ನು ಜಾಮೀನು ಇಡಲಾಗದು, ಎಂದಷ್ಟೇ ಅವರು ಉತ್ತರಿಸಿದರು. ಆ ರಾತ್ರಿ ಅಣ್ಣತಮ್ಮಂದಿರು ತಾಯಿಯ ಮುಂದೆ ಸಾಲದ ಲೆಕ್ಕವನ್ನು ಬಿಚ್ಚಿಟ್ಟು, ಅಡತಿಯ ಲಾಭದಿಂದ ಅದನ್ನು ತೀರಿಸುವ ಬಗೆಯನ್ನು ಹೇಳಿದರು. ಮರುದಿನ ಆಕೆ ಮುಂಚಿನಂತೆ ಗಂಜಿ ಕುಡಿದಳು.

ಐದು ತಿಂಗಳು ಕಳೆದವು. ಅನ್ನ ಗಂಟಲಲ್ಲಿ ಇಳಿಯದಾಯಿತು, ಇನ್ನು ಉಪಾಯವಿಲ್ಲವೆಂದು ವೈದ್ಯರು ಬರೆದುಕೊಟ್ಟರು. ಆಕೆ ಮತ್ತೆ ಕೇಳಿದಳು. ಈ ಸಲ ರೊಕ್ಕದ ಮಾತಿರಲಿಲ್ಲ. ಸೊಸೆಯಂದಿರ ಕೈಹಿಡಿದು ಕ್ಷಮೆ ಕೇಳಿದಳು, ತನ್ನ ಬಂಗಾರದ ನಾಲ್ಕು ಬಳೆಗಳನ್ನು ಹಂಚಿದಳು. ಮಾತಾಜಿಯವರು ಕ್ರಮಕ್ರಮವಾಗಿ ಆಹಾರವನ್ನು ಇಳಿಸಿದರು. ಬರಿಯ ನೀರಿಗೆ ಬಂದ ಮೂರನೆಯ ದಿನ ಆಕೆ ಮಜ್ಜಿಗೆ ಕೇಳಿದಳು. ಕಿರಿಯ ಸೊಸೆ ಲೋಟ ತಂದಾಗ ಹಿರಿಯ ಮಗನು ಬಾಗಿಲಲ್ಲಿ ತಡೆದನು: ವ್ರತಭಂಗವಾದೀತು. ಒಳಗಿನಿಂದ ಮಾತಾಜಿಯವರ ಧ್ವನಿ ಕೇಳಿತು: "ಕೇಳಿದವರು ಅವರು. ಕೊಡಮ್ಮ." ತಾಯಿ ಎರಡು ಗುಟುಕು ಕುಡಿದಳು. ಆರು ದಿನ ಹಾಗೆಯೇ ನಡೆಯಿತು. ಏಳನೆಯ ದಿನ ಲೋಟವನ್ನು ಆಕೆಯೇ ಕೈಯಿಂದ ಸರಿಸಿದಳು. ಅದಾದ ನಾಲ್ಕನೆಯ ಬೆಳಗ್ಗೆ ಪಂಚನಮಸ್ಕಾರವನ್ನು ಕೇಳುತ್ತ ಕಣ್ಣು ಮುಚ್ಚಿದಳು. ಆ ಮನೆಯ ಮುಂದೆ ಆಗ ಮಂಟಪವಿರಲಿಲ್ಲ.

ಮುಕ್ತ ಸಮ್ಮತಿಯ ಅಳತೆ

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳು 1872ರ ಭಾರತೀಯ ಕರಾರು ಅಧಿನಿಯಮವನ್ನು ಓದುವಾಗ ಸಮ್ಮತಿ ಮತ್ತು ಮುಕ್ತ ಸಮ್ಮತಿ ಎಂಬ ಭೇದವನ್ನು ಕಲಿಯುತ್ತಾರೆ. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಸಮ್ಮತಿ. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ತಿಳಿವಳಿಕೆ ಇವುಗಳಿಂದ ಹುಟ್ಟದಿದ್ದರೆ ಅದು ಮುಕ್ತ ಸಮ್ಮತಿ. ಹದಿನಾರನೆಯ ಕಲಮು ಹೇಳುವ ಅನುಚಿತ ಪ್ರಭಾವದಲ್ಲಿ ಗದರಿಕೆ ಬೇಕಿಲ್ಲ. ಒಬ್ಬನು ಇನ್ನೊಬ್ಬನ ಇಚ್ಛೆಯನ್ನು ಆಳಬಲ್ಲ ಸ್ಥಾನದಲ್ಲಿದ್ದು, ಆ ಸ್ಥಾನವನ್ನು ಬಳಸಿಕೊಂಡು ಅನುಚಿತ ಲಾಭ ಪಡೆದರೆ ಸಾಕು. ಮುಪ್ಪು, ಕಾಯಿಲೆ, ಸಂಕಟಗಳಿಂದ ಬುದ್ಧಿಶಕ್ತಿ ಕುಗ್ಗಿದವರೊಡನೆ ವ್ಯವಹರಿಸುವವನು ಅಂತಹ ಸ್ಥಾನದಲ್ಲಿರುತ್ತಾನೆಂದು ಆ ಕಲಮೇ ಹೇಳುತ್ತದೆ.

ಈ ಅಳತೆಯನ್ನು ಮೇಲಿನ ಮನೆಗೆ ಇಟ್ಟು ನೋಡಬಹುದು. ಆ ಮಗನು ದುಷ್ಟನಲ್ಲ, ತಾಯಿಯನ್ನು ಪ್ರೀತಿಸುತ್ತಿದ್ದವನು. ಆದರೂ ಆತನ ಫ್ಲೆಕ್ಸು ತಾಯಿಯ ನಾಲಿಗೆಯನ್ನು ಕಟ್ಟಿತ್ತು. ಒಂದು ಚೀಲ ಬೆಲ್ಲದ ಕರಾರಿನಲ್ಲಿ ಇಷ್ಟು ಒತ್ತಡವಿದ್ದರೆ ವರ್ತಕರು ಆ ಕರಾರಿನ ಸಿಂಧುತ್ವವನ್ನು ಪ್ರಶ್ನಿಸುತ್ತಿದ್ದರು. ಧರ್ಮದ ಹೆಸರಿನಲ್ಲಿ ಅದೇ ಒತ್ತಡ ಬಂದಾಗ ಪ್ರಶ್ನಿಸುವುದು ಅಶ್ರದ್ಧೆಯೆಂದು ಭಾವಿಸಲು ಕಾರಣವಿಲ್ಲ.

ಕರಾರಿಗೂ ಸಲ್ಲೇಖನಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕರಾರಿಗೆ ಒಮ್ಮೆ ಒಪ್ಪಿದವನು ಆಮೇಲೆ ಮನಸ್ಸು ಬದಲಿಸಿದರೆ ನಷ್ಟ ತುಂಬಿಕೊಡಬೇಕು, ಏಕೆಂದರೆ ಎದುರಿಗೆ ಇನ್ನೊಬ್ಬ ಕಕ್ಷಿದಾರನಿದ್ದಾನೆ. ಸಲ್ಲೇಖನದಲ್ಲಿ ಎದುರು ಕಕ್ಷಿದಾರನೇ ಇಲ್ಲ. ಕ್ಷಪಕನು ಮಗನಿಗಾಗಲಿ ಬಸದಿಗಾಗಲಿ ಸಮಾಜಕ್ಕಾಗಲಿ ತನ್ನ ಮರಣವನ್ನು ಸಾಲವಾಗಿ ಕೊಡಬೇಕಾಗಿಲ್ಲ. ವ್ರತವು ಪವಿತ್ರವಾದುದು, ಅದನ್ನು ಹಗುರವಾಗಿ ಮುರಿಯಬಾರದು. ಕ್ಷಪಕನು ತಳಮಳಗೊಂಡಾಗ ಧೈರ್ಯ ತುಂಬುವುದು ನಿರ್ಯಾಪಕರ ಧರ್ಮವೆಂದು ಶಾಸ್ತ್ರವೇ ಹೇಳಿದೆ. ಧೈರ್ಯ ಹೇಳುವುದು ಮಾತಿನ ಕೆಲಸ. ಲೋಟವನ್ನು ತಡೆಯುವುದು ಕೈಯ ಕೆಲಸ, ಅಲ್ಲಿಂದ ಹಿಂಸೆ ಆರಂಭವಾಗುತ್ತದೆ. ಮುರಿದ ವ್ರತಕ್ಕೆ ಪ್ರಾಯಶ್ಚಿತ್ತವುಂಟು, ಸಮಂತಭದ್ರರಂತೆ ಮರಳಿ ಏರುವ ದಾರಿಯುಂಟು. ಬಾಯಾರಿ ನೀರು ಕೇಳಿದವರಿಗೆ ನೀರು ಕೊಡದೆ ಕಳುಹಿಸಿದರೆ ಪ್ರಾಯಶ್ಚಿತ್ತವನ್ನು ಕ್ಷಪಕನಿಗೆ ಕೊಡುವಂತಿಲ್ಲ. ಅದು ಸುತ್ತ ನಿಂತವರಿಗೆ ಉಳಿಯುತ್ತದೆ.

ಮಕ್ಕಳ ವಿಷಯ

ಮಾರಣಾಂತಿಕ ರೋಗಕ್ಕೆ ತುತ್ತಾದ ಎಳೆಯ ಮಗುವೊಂದಕ್ಕೆ ತಂದೆತಾಯಿಗಳ ಒಪ್ಪಿಗೆಯ ಮೇಲೆ ಸಂಥಾರಾ ನೀಡಿದ ಸುದ್ದಿಯು 2025ರಲ್ಲಿ ದೇಶದಾದ್ಯಂತ ಚರ್ಚೆಗೆ ಒಳಗಾಯಿತು. ಮಗುವನ್ನು ಕಳೆದುಕೊಂಡವರ ದುಃಖದ ಮೇಲೆ ಕಟುವಾದ ಮಾತುಗಳನ್ನಾಡುವುದು ಮಾನವೀಯತೆಯಲ್ಲ. ಆದರೆ ತತ್ತ್ವವನ್ನು ಹೇಳದೆ ಬಿಡಲಾಗದು.

ಸಲ್ಲೇಖನವು ಕಾಯವನ್ನೂ ಕಷಾಯವನ್ನೂ ಚೆನ್ನಾಗಿ ಕೃಶಗೊಳಿಸುವ ವ್ರತ. ಕಷಾಯವೆಂದರೇನೆಂದು ಅರಿಯದ ಮಗುವು ಅದನ್ನು ಕೃಶಗೊಳಿಸುವುದೆಂತು? ಕ್ಷಮೆ ಕೇಳುವುದೆಂತು? ಆಹಾರವು ಎದುರಿಗಿದ್ದೂ ಅದನ್ನು ವಿವೇಕದಿಂದ ಬಿಡುವುದೆಂತು? ಇಲ್ಲಿ ಕೃತವಿಲ್ಲ, ಕಾರಿತ ಮತ್ತು ಅನುಮತ ಮಾತ್ರ ಇವೆ. ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮು ಹನ್ನೆರಡಕ್ಕಿಂತ ಕಡಿಮೆ ವಯಸ್ಸಿನ ಮಗುವಿನ ಹಿತಕ್ಕಾಗಿ ಪಾಲಕರು ಸದ್ಭಾವದಿಂದ ಕೊಡುವ ಸಮ್ಮತಿಯನ್ನು ಮನ್ನಿಸುತ್ತದೆ; ಆದರೆ ಬುದ್ಧಿಪೂರ್ವಕವಾಗಿ ಮರಣವನ್ನು ಉಂಟುಮಾಡುವುದಕ್ಕೆ ಆ ಸಮ್ಮತಿಯು ವಿಸ್ತರಿಸದೆಂದು ಸ್ಪಷ್ಟವಾಗಿ ಗೆರೆ ಎಳೆದಿದೆ. ಪಾಲಕನು ಟ್ರಸ್ಟಿಯಂತೆ, ಹೊಲವನ್ನು ಕಾಯುವವನು, ಮಾರುವವನಲ್ಲ. ಅಂತ್ಯಕಾಲದಲ್ಲಿರುವ ಮಗುವಿನ ಕಿವಿಯಲ್ಲಿ ನಮಸ್ಕಾರಮಂತ್ರವನ್ನು ಹೇಳಬಹುದು, ವ್ಯರ್ಥವಾಗಿ ನೋಯಿಸುವ ಚಿಕಿತ್ಸೆಯನ್ನು ವೈದ್ಯರ ಸಲಹೆಯಂತೆ ನಿಲ್ಲಿಸಬಹುದು, ನೋವನ್ನು ತಗ್ಗಿಸಬಹುದು. ಅದಕ್ಕೆ ವ್ರತದ ಹೆಸರು ಬೇಕಿಲ್ಲ. ಮರೆವಿನ ರೋಗದಿಂದ ತನ್ನ ಮಕ್ಕಳನ್ನೇ ಗುರುತಿಸಲಾರದ ವೃದ್ಧರಿಗೂ, ಖಿನ್ನತೆಯಲ್ಲಿ ಮುಳುಗಿದವರಿಗೂ ಇದೇ ನ್ಯಾಯ.

ಬಸದಿಗಳ ಕರ್ತವ್ಯ

ಟ್ರಸ್ಟುಗಳು ಇಲ್ಲಿ ಕೆಲವು ಕಾರ್ಯಗಳನ್ನು ತಕ್ಷಣ ಮಾಡಬಹುದು. ಆಚಾರ್ಯರು ವ್ರತವನ್ನು ಕೊಡುವ ಮೊದಲು ಯಾವ ಪ್ರಕಟಣೆಯೂ ಹೊರಬೀಳದಂತೆ, ವ್ರತದ ಕಾಲದಲ್ಲಿ ಭಾವಚಿತ್ರ, ಮಂಟಪ, ಸವಾಲಿನ ಹರಾಜುಗಳು ನಡೆಯದಂತೆ ನಿರ್ಣಯ ಮಾಡಬೇಕು. 1955ರಲ್ಲಿ ಕುಂಥಲಗಿರಿಯಲ್ಲಿ ಆಚಾರ್ಯ ಶಾಂತಿಸಾಗರರು 36 ದಿನಗಳ ಸಲ್ಲೇಖನದ ಅನಂತರ ಸಮಾಧಿಸ್ಥರಾದಾಗ ಸಾವಿರಾರು ಜನ ಸೇರಿದ್ದರೆಂಬುದು ನಿಜ. ಅವರು ದಶಕಗಳ ತಪಸ್ಸಿನಿಂದ ಪಕ್ವವಾದ ಮುನಿಗಳು. ಜನಸಂದಣಿಯು ಅವರನ್ನು ಅಲುಗಾಡಿಸಲಾರದಾಗಿತ್ತು. ಅಡುಗೆಮನೆಯಿಂದ ಎದ್ದುಬಂದ ವೃದ್ಧ ಶ್ರಾವಿಕೆಗೆ ಆ ಸಂದಣಿಯ ಭಾರವನ್ನು ಹೊರಿಸುವುದು ನ್ಯಾಯವಲ್ಲ.

ಬೇಡಿದವರನ್ನು ಮನೆಯವರಿಲ್ಲದೆ ಏಕಾಂತದಲ್ಲಿ, ಒಂದಕ್ಕಿಂತ ಹೆಚ್ಚು ದಿನ ವಿಚಾರಿಸುವ ಏರ್ಪಾಟಿರಬೇಕು. ರೋಗವು ಗುಣವಾಗದ್ದೆಂದು ಕುಟುಂಬಕ್ಕೆ ಸೇರದ ವೈದ್ಯರು ಬರೆದುಕೊಡಬೇಕು. ಕ್ಷಪಕನ ಬಳಿ ಸದಾ ಇರುವ ಇಬ್ಬರಲ್ಲಿ ಒಬ್ಬರಾದರೂ ಆಸ್ತಿಯ ಹಕ್ಕುದಾರರಾಗಿರಬಾರದು. ನಿಲ್ಲಿಸು ಎಂಬ ಮಾತನ್ನು ಕೇಳಿಸಿಕೊಳ್ಳುವ ಹೊಣೆ ಅವರದಾಗಬೇಕು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಘನತೆಯ ಮರಣದ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ನಿರ್ದೇಶಗಳನ್ನು ಜಾರಿಗೊಳಿಸಲು ಆದೇಶ ಹೊರಡಿಸಿದೆ. ಚಿಕಿತ್ಸೆಯ ಇಚ್ಛಾಪತ್ರವನ್ನು ಬರೆಯುವ ಬಗೆಯನ್ನು ಪರ್ಯೂಷಣದ ಒಂದು ಸಂಜೆ ವಕೀಲರಿಂದ ಹೇಳಿಸಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಹಣದ ವಿಷಯ. ಪಂಚಕಲ್ಯಾಣ ಮಹೋತ್ಸವಗಳಿಗೆ ಕೂಡಿಸುವ ನಿಧಿಯಲ್ಲಿ ಒಂದು ಪಾಲನ್ನು ವೃದ್ಧರ ಔಷಧಕ್ಕೂ ಶುಶ್ರೂಷೆಗೂ ವೈಯಾವೃತ್ಯ ನಿಧಿಯೆಂದು ತೆಗೆದಿಡಬೇಕು. ಸಾಲದ ಭಯದಿಂದ ಒಬ್ಬ ತಾಯಿಯಾದರೂ ಅನ್ನ ಬಿಡುವಂತಾದರೆ ಆ ಊರಿನ ಶ್ರೀಮಂತ ಬಸದಿಯು ಆ ಮರಣಕ್ಕೆ ಮೌನವಾಗಿ ಅನುಮತಿ ಕೊಟ್ಟಂತಾಗುತ್ತದೆ. ಜಪಮಾಲೆಯ ಲೆಕ್ಕದಲ್ಲಿ ಅಂತಹ ಮೌನಕ್ಕೂ ಒಂದು ಮಣಿ ಇದೆ.